ಸಂದಿಯಲ್ಲಿರೋ ವೆಲ್ಡಿಂಗ್ ಉಜ್ಜಲು ಯಾವ ಟೂಲ್ ತಗೊಳ್ಳಲಿ?

ತಿಪಟೂರಿನಿಂದ ಪ್ರಶ್ನೆ:

ನಮ್ಮದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್. ಗೇಟು, ಕಿಟಕಿ ಗ್ರಿಲ್ ಜೊತೆಗೆ ಈಗ ಹೋಟೆಲ್ ಟೇಬಲ್ ಫ್ರೇಮ್‌ಗಳ ಆರ್ಡರ್ ಬಂದಿದೆ. ಒಂದೂವರೆ ಇಂಚಿನ ಚೌಕ ಪೈಪು, 16 ಗೇಜ್. ಕಾಲಿಗೆ ಎರಡು ಕಡೆಯಿಂದ ಅಡ್ಡ ಪೈಪು ಬಂದು ಸೇರುತ್ತವಲ್ಲ, ಆ ಒಳಮೂಲೆಗೆ 4 ಇಂಚಿನ ಗ್ರೈಂಡರ್ ಹೋಗುತ್ತಿಲ್ಲ. ಹೋದರೂ ಪಕ್ಕದ ಪೈಪಿಗೆ ಗೀರು ಬೀಳುತ್ತದೆ. ಡ್ರಿಲ್ ಮೆಷಿನ್‌ಗೆ ಕಾರ್ಬೈಡ್ ಬರ್ (ತಿರುಗುತ್ತಾ ಉಜ್ಜೋ, ಹಲ್ಲಿರೋ ಚಿಕ್ಕ ತಲೆಯ ಕಡ್ಡಿ) ಹಾಕಿ ನೋಡಿದೆ. ಗಡಗಡ ಕುಣಿದು ಹಲ್ಲೇ ಮುರಿಯಿತು. ಪೇಂಟ್ ಆದಮೇಲೆ ಗಂಟು ಎದ್ದು ಕಾಣುತ್ತದೆ ಅಂತ ಪಾರ್ಟಿಯ ತಕರಾರು. ಏನು ತಗೊಂಡರೆ ಸರಿಹೋಗುತ್ತದೆ? ಹತ್ತು ಸಾವಿರದೊಳಗೆ ಆದರೆ ಒಳ್ಳೇದು. ಬಳಸಿದವರು ದಯವಿಟ್ಟು ಹೇಳಿ.

ರಾಣೇಬೆನ್ನೂರಿನಿಂದ:

ಅಣ್ಣಾ, ಟೂಲ್ ತಗೊಳ್ಳೋಕೆ ಮುಂಚೆ ಒಂದು ಮಾತು. ನೀವು ಯಾವ ವೆಲ್ಡಿಂಗ್ ರಾಡ್ ಹಾಕುತ್ತಿದ್ದೀರಿ? 10 ನಂಬರ್, ಅಂದರೆ 3.15 ಮಿ.ಮೀ. ಆಗಿದ್ದರೆ ಗಂಟು ಅಲ್ಲೇ ಶುರುವಾಗುತ್ತದೆ. 16 ಗೇಜ್ ಪೈಪಿನ ಗೋಡೆ ಇರೋದೇ 1.6 ಮಿ.ಮೀ. ಅದಕ್ಕೆ ಅಷ್ಟು ದಪ್ಪ ರಾಡ್ ಯಾಕೆ? 12 ನಂಬರ್, ಅಂದರೆ 2.5 ಮಿ.ಮೀ. ರಾಡ್ ಹಾಕಿ, ಕರೆಂಟ್ 60 ಆಂಪ್ಸ್ ಹತ್ತಿರ ಇಟ್ಟು ನೋಡಿ. ಮೂಲೆಯಲ್ಲಿ ರಾಡ್ ಅಲ್ಲಾಡಿಸಬೇಡಿ, ನೇರ ಎಳೆಯಿರಿ. ನಾನು ಹತ್ತು ಹನ್ನೆರಡು ವರ್ಷ ಗೇಟ್ ಕೆಲಸ ಮಾಡಿದ ಮೇಲೆ ಇದು ತಲೆಗೆ ಹೋಯಿತು. ಅಲ್ಲಿವರೆಗೆ ಅರ್ಧ ದಿನ ವೆಲ್ಡಿಂಗ್, ಅರ್ಧ ದಿನ ಉಜ್ಜೋದು.

ಇನ್ನೊಂದು ವಿಷಯ. ಒಳಮೂಲೆಯ ಬೀಡ್, ಅಂದರೆ ವೆಲ್ಡಿಂಗ್ ಗೆರೆ, ಜೋಡಣೆ ಹಿಡಿದಿಡೋ ಬೀಡ್, ಅಂದಕ್ಕೆ ಹಾಕಿದ್ದಲ್ಲ. ಎರಡು ಕಡೆಗೂ 3 ಮಿ.ಮೀ. ಹತ್ತಿದ ಬೀಡ್‌ಗೆ ನಡುವೆ ಸಿಗೋ ದಪ್ಪ 2.1 ಮಿ.ಮೀ. ಅಷ್ಟೇ. ಪೈಪಿನ ಗೋಡೆಗಿಂತ ಸ್ವಲ್ಪ ಜಾಸ್ತಿ. ಅದನ್ನು ಗುಂಡಿ ಬೀಳೋ ಹಾಗೆ ಉಜ್ಜಿ 1 ಮಿ.ಮೀ.ಗೆ ಇಳಿಸಿದರೆ ಜೋಡಣೆಯೇ ಪೈಪಿಗಿಂತ ಸೊರಗುತ್ತದೆ. ಹೋಟೆಲ್ ಟೇಬಲ್ ಅಂದರೆ ದಿನಾ ಎಳೆದಾಡುತ್ತಾರೆ, ಅಲ್ವಾ? ಆದ್ದರಿಂದ ಉಬ್ಬು ಮಾತ್ರ ತೆಗೆಯಿರಿ, ಬುಡ ಮುಟ್ಟಬೇಡಿ.

ಮತ್ತೆ ಸವೆದ ಡಿಸ್ಕ್ ಬಿಸಾಡಬೇಡಿ. 4 ಇಂಚಿನ ಗ್ರೈಂಡಿಂಗ್ ವ್ಹೀಲ್ ಸವೆದು ಮೂರು ಇಂಚಿಗೆ ಬಂದಾಗ, ಹೊಸದು ಹೋಗದ ಎಷ್ಟೋ ಜಾಗಕ್ಕೆ ಹೋಗುತ್ತದೆ. ನಾನು ಅಂಥವನ್ನು ಒಂದು ಮೊಳೆಗೆ ನೇತುಹಾಕಿ ಇಟ್ಟಿರುತ್ತೇನೆ.

ಪೀಣ್ಯದಿಂದ:

ನಾನು ಮೋಲ್ಡ್ ರಿಪೇರಿ ಮಾಡುವವನು. ದಿನವಿಡೀ ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಬರ್ ತಪ್ಪಲ್ಲ, ಮೆಷಿನ್ ತಪ್ಪು. ಡ್ರಿಲ್ ತಿರುಗೋದು ನಿಮಿಷಕ್ಕೆ ಸುಮಾರು 3,000 ಸುತ್ತು. 10 ಮಿ.ಮೀ. ತಲೆಯ ಬರ್‌ಗೆ 20,000ದ ಮೇಲೆ ಬೇಕು. ನಿಧಾನ ತಿರುಗಿದರೆ ಒಂದೊಂದು ಹಲ್ಲೂ ದಪ್ಪ ತುತ್ತು ಕಚ್ಚಿ ಜಿಗಿಯುತ್ತದೆ. ಕಾರ್ಬೈಡ್ ಗಟ್ಟಿ ನಿಜ, ಆದರೆ ಗಾಜಿನ ಹಾಗೆ ಪೆಡಸು. ಕುಣಿದರೆ ಹಲ್ಲು ಉದುರಲೇಬೇಕು.

ನಿಮಗೆ ಬೇಕಾದ್ದು ಡೈ ಗ್ರೈಂಡರ್, ಅಂದರೆ ಬರ್ ಜೋರಾಗಿ ತಿರುಗಿಸೋ ಕೈ ಮೆಷಿನ್. 6 ಮಿ.ಮೀ. ಕಾಲೆಟ್ (ಬರ್‌ನ ಕಡ್ಡಿ ಹಿಡಿಯೋ ಬಾಯಿ) ಇರೋದು. ಕರೆಂಟಿನದ್ದೇ ತಗೊಳ್ಳಿ, ನಿಮ್ಮ ಬಜೆಟ್‌ನಲ್ಲಿ ಸಿಗುತ್ತದೆ. ಗಾಳಿಯದ್ದು ಹಗುರ, ಕೈಯಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಅದು ಗಾಳಿ ಕುಡಿಯೋದು ಜಾಸ್ತಿ. ಪೇಂಟಿಂಗಿಗೆ ಇಟ್ಟುಕೊಳ್ಳೋ ಚಿಕ್ಕ ಕಂಪ್ರೆಸರ್ ಇದ್ದರೆ ಒಂದು ಮೂಲೆ ಮುಗಿಯೋ ಹೊತ್ತಿಗೆ ಟ್ಯಾಂಕ್ ಖಾಲಿ. ಆಮೇಲೆ ಸುಮ್ನೆ ಕಾಯುತ್ತಾ ನಿಲ್ಲಬೇಕು.

ಬರ್ ತಗೊಳ್ಳುವಾಗ ಆಕಾರ ನೋಡಿ. ಪೂರ್ತಿ ಗೋಲಿಯ ಹಾಗಿರೋದು ಬೇಡ, ಅದು ಗೀಚಿ ಕಾಲುವೆ ತೋಡುತ್ತದೆ. ತುದಿ ದುಂಡಗಿರೋ ಸಿಲಿಂಡರ್ ಒಂದು, ಮೂರು ಪೈಪು ಸೇರೋ ಜಾಗಕ್ಕೆ ದೀಪದ ಕುಡಿಯ ಆಕಾರದ್ದು ಒಂದು. ಎರಡೇ ಸಾಕು. ಕಬ್ಬಿಣಕ್ಕೆ ಡಬಲ್ ಕಟ್, ಅಂದರೆ ಹಲ್ಲಿನ ಗೆರೆ ಒಂದರ ಮೇಲೊಂದು ಅಡ್ಡ ಹಾಯ್ದಿರೋದು. ಸಿಂಗಲ್ ಕಟ್‌ನದು ಉದ್ದುದ್ದ ಸೂಜಿಯಂಥ ಚೂರು ಉದುರಿಸುತ್ತದೆ, ಬೆರಳಿಗೆ ಹೊಕ್ಕರೆ ಸಂಜೆವರೆಗೂ ಚುಚ್ಚುತ್ತದೆ. ಡಬಲ್ ಕಟ್‌ನದು ರವೆಯ ಹಾಗೆ ಉದುರುತ್ತದೆ. ಉದ್ದ ಶ್ಯಾಂಕ್ (ಕಡ್ಡಿ) ಇರೋ ಬರ್ ನೋಡಿ ಆಸೆಪಡಬೇಡಿ. ಅದನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಕಡ್ಡಿ ಬಾಗಿ ಚಾವಟಿ ಥರ ಬೀಸುತ್ತದೆ. ಸ್ಪೀಡ್ ಇಳಿಸೋ ಮೆಷಿನ್ ಇಲ್ಲದಿದ್ದರೆ ಬೇಡವೇ ಬೇಡ.

ಹಿಡಿಯೋ ರೀತಿ: ಮೆಷಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಲೋಹಕ್ಕೆ ಮುಟ್ಟಿಸಿ. ಒತ್ತಬೇಡಿ. ಬರ್ ತಿರುಗೋ ದಿಕ್ಕಿಗೆ ಎದುರಾಗಿ ಎಳೆಯಿರಿ, ಅದರ ಜೊತೆಗೇ ಹೋದರೆ ಚಕ್ರದ ಹಾಗೆ ಉರುಳಿ ಓಡಿ ಪಕ್ಕದ ಪೈಪು ಕೆರೆಯುತ್ತದೆ. ನಿಮ್ಮ ಗೀರಿಗೆ ಒಂದು ಉಪಾಯ ಇದೆ. ಬೀಡ್‌ನ ಎರಡೂ ಅಂಚಿಗೆ ಪೈಪಿನ ಮೇಲೆ ಕಪ್ಪು ಮಾರ್ಕರ್ ಬಳಿಯಿರಿ. ಉಜ್ಜುತ್ತಾ ಹೋದಾಗ ಬೀಡ್ ಬೆಳ್ಳಗೆ ಹೊಳೆಯುತ್ತದೆ, ಅಂಚಿನ ಕಪ್ಪು ಹಾಗೇ ಉಳಿದಿರುತ್ತದೆ. ಕಪ್ಪು ಕೂದಲೆಳೆಯಷ್ಟು ಮಾಸಿತೋ, ನಿಲ್ಲಿಸಿ. ಅದಕ್ಕಿಂತ ಮುಂದೆ ನೀವು ತಿನ್ನೋದು ಪೈಪನ್ನು. ಶಬ್ದವೂ ಹೇಳಿಕೊಡುತ್ತದೆ. ಸರಿಯಾಗಿ ಕೊಯ್ಯುವಾಗ ಒಂದೇ ಸಮ ಗುಂಯ್ ಅನ್ನುತ್ತದೆ, ಕಟಕಟ ಬಂದರೆ ಕೈ ಸಡಿಲಿಸಬೇಕು ಅಂತ ಅರ್ಥ.

ಮಲ್ಪೆಯಿಂದ:

ನಾನು ಸ್ಟೀಲ್ ರೇಲಿಂಗ್ ಮಾಡುತ್ತೇನೆ. ಪೀಣ್ಯದವರು ಹೇಳಿದ್ದು ಸರಿ. ಆದರೆ ಬರ್ ಆದಮೇಲೆ ಫಿನಿಶಿಂಗ್‌ಗೆ ಬೆಲ್ಟ್ ಫೈಲ್ ಇದ್ದರೆ ಬಹಳ ಅನುಕೂಲ. ಬೆರಳಿನಷ್ಟು ಅಗಲದ ಕೈ, ಅದರ ಮೇಲೆ 9 ಅಥವಾ 10 ಮಿ.ಮೀ. ಅಗಲದ ಸ್ಯಾಂಡ್ ಬೆಲ್ಟ್ ಓಡುತ್ತದೆ. ಮೊದಲು ಒರಟಾದ 60 ಗ್ರಿಟ್ ಹಾಕಿ ಆಮೇಲೆ ನಯವಾದ 120 ಹಾಕಿದರೆ ಬರ್‌ನ ಗುರುತೆಲ್ಲ ಹೋಗುತ್ತದೆ. ಪೇಂಟ್ ಹೊಡೆಯೋ ಕಬ್ಬಿಣಕ್ಕೆ ಅಷ್ಟು ಬೇಕಿಲ್ಲ, ಆದ್ದರಿಂದ ನೀವು ಈಗಲೇ ತಗೊಳ್ಳಬೇಡಿ.

ಮುಂದೆ ಸ್ಟೀಲ್ ಕೆಲಸ ಹಿಡಿದರೆ ಮಾತ್ರ ನೆನಪಿಡಿ. ಕಬ್ಬಿಣ ಉಜ್ಜಿದ ಡಿಸ್ಕ್, ಬೆಲ್ಟ್ ಯಾವುದನ್ನೂ ಸ್ಟೀಲಿಗೆ ಮುಟ್ಟಿಸಬೇಡಿ. ಕಬ್ಬಿಣದ ಪುಡಿ ಅಂಟಿಕೊಂಡು ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ನಮ್ಮ ಕಡೆ ಉಪ್ಪುಗಾಳಿ, ಒಂದು ಮಳೆಗಾಲ ಸಾಕು. ನಾನು ಒಂದು ಮನೆಯ ಮೆಟ್ಟಿಲಿನ ರೇಲಿಂಗ್ ಪೂರ್ತಿ ಮತ್ತೆ ಉಜ್ಜಿ ಕೊಟ್ಟಿದ್ದೇನೆ, ಕೈಯಿಂದ ದುಡ್ಡು ಹಾಕಿ. ಈಗ ಸ್ಟೀಲಿನ ಡಬ್ಬ ಬೇರೆ, ಕಬ್ಬಿಣದ ಡಬ್ಬ ಬೇರೆ.

ಭದ್ರಾವತಿಯಿಂದ:

ಕೈಮುಗಿದು ಒಂದೇ ವಿಷಯ ಕೇಳಿಕೊಳ್ಳುತ್ತೇನೆ. ಮೂಲೆಗೆ ಹೋಗುತ್ತದೆ ಅಂತ 1 ಮಿ.ಮೀ. ಕಟಿಂಗ್ ವ್ಹೀಲ್‌ನ ಮಗ್ಗುಲಿನಿಂದ ಯಾರೂ ಉಜ್ಜಬೇಡಿ. ಅದು ಅಂಚಿನಿಂದ ಕೊಯ್ಯೋಕೆ ಮಾತ್ರ ಮಾಡಿದ್ದು. ನಾನು ಹಾಗೆ ಉಜ್ಜುತ್ತಿದ್ದಾಗ ಡಿಸ್ಕ್ ಒಡೆದು ಅರ್ಧಚಂದ್ರದಂಥ ಚೂರು ಕಿವಿಯ ಪಕ್ಕ ಹಾದು ಹಿಂದಿನ ಪ್ಲೈವುಡ್‌ಗೆ ನೆಟ್ಟುಕೊಂಡಿತ್ತು. ಕಿತ್ತು ತೆಗೆಯೋಕೆ ಕಟಿಂಗ್ ಪ್ಲೇಯರ್ ಬೇಕಾಯಿತು. ಡೈ ಗ್ರೈಂಡರ್‌ಗೆ ಗಾರ್ಡ್ ಇರೋದೇ ಇಲ್ಲ, ಅದಕ್ಕೆ ಕನ್ನಡಕದ ಮೇಲೆ ಫೇಸ್ ಶೀಲ್ಡ್ ಕೂಡ ಹಾಕಿ. 4 ಇಂಚಿನ ಮೆಷಿನ್ನಿನ ಗಾರ್ಡ್ ಬಿಚ್ಚಿ 5 ಇಂಚಿನ ಡಿಸ್ಕ್ ಹಾಕೋ ಅಭ್ಯಾಸವೂ ಬೇಡ. ಡಿಸ್ಕ್ ಮೇಲೆ ಬರೆದಿರೋ ವೇಗ ಓದಿ: 4 ಇಂಚಿನದ್ದಕ್ಕೆ ಸಾಮಾನ್ಯವಾಗಿ 15,300, 5 ಇಂಚಿನದ್ದಕ್ಕೆ 12,200. ನಡುವಿನ ಲೋಹದ ಬಳೆಯ ಮೇಲೆ ತಾರೀಕೂ ಇರುತ್ತದೆ. ಅದು ದಾಟಿದ್ದರೆ ಹಾಕಬೇಡಿ.

ತಿಪಟೂರಿನಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 12 ನಂಬರ್ ರಾಡ್ ಹಾಕಿದ ಮೇಲೆ ಉಜ್ಜೋ ಕೆಲಸ ಅರ್ಧಕ್ಕೆ ಇಳಿಯಿತು. ಡೈ ಗ್ರೈಂಡರ್ ಒಂದು, ಬರ್ ಎರಡು ತಂದೆ. ಮಾರ್ಕರ್ ಉಪಾಯ ನಮ್ಮ ಹುಡುಗನಿಗೆ ಹೇಳಿಕೊಟ್ಟೆ, ಮೊದಲನೇ ಫ್ರೇಮಿನ ನಾಲ್ಕೂ ಮೂಲೆ ಅವನೇ ಮಾಡಿದ. ಆದರೆ ಮೂರು ಪೈಪು ಸೇರೋ ತೀರಾ ಒಳಗಿನ ಚುಕ್ಕೆಗೆ ಬರ್‌ನ ತುದಿಯೂ ಮುಟ್ಟುತ್ತಿಲ್ಲ. ಅಲ್ಲಿಗೆ ಏನು ಮಾಡೋದು?

ರಾಣೇಬೆನ್ನೂರಿನಿಂದ:

ಅಲ್ಲಿಗೆ ಕೈಯೇ ಗತಿ ಅಣ್ಣಾ. ಆರು ಇಂಚಿನ ತ್ರಿಕೋನ ಅರ ತಗೊಂಡು, ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಳ್ಳಿ, ಚೂರು ಕಚ್ಚಿಕೊಳ್ಳೋದಿಲ್ಲ. ಮುಂದಕ್ಕೆ ತಳ್ಳುವಾಗ ಮಾತ್ರ ಭಾರ ಹಾಕಿ, ಹಿಂದಕ್ಕೆ ಬರುವಾಗ ಎತ್ತಿಕೊಳ್ಳಿ. ಒಂದು ಮೂಲೆಗೆ ಹತ್ತು ಹದಿನೈದು ಸಲ ಎಳೆದರೆ ಸಾಕು.