ಅತ್ತೆ ನೀರು ಕುದಿಸುವುದು ಯಾಕೆ ಅಂದರೆ

ಚಿಕ್ಕಪ್ಪಾ, ಸ್ವಲ್ಪ ಉದ್ದ ಆಗುತ್ತದೆ, ಕೊನೆತನಕ ಕೇಳಿ. ಅತ್ತೆ ಈ ಗ್ರೂಪಿನಲ್ಲಿ ಇಲ್ಲ ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ.

"ಊರಿಗೆ ಶುದ್ಧ ನೀರಿನ ಘಟಕ ಬಂದರೂ ಇವಳು ಆ ನೀರನ್ನೂ ಕುದಿಸಿ ಕುಡಿಯುತ್ತಾಳೆ, ತಲೆ ಕೆಟ್ಟಿದೆ" ಅಂತ ಬೆಳಿಗ್ಗೆ ಹಾಕಿದ್ದಿರಲ್ಲ, ನನಗೆ ನಗು ಬರಲಿಲ್ಲ.

ಪಾವಗಡದ ಕಡೆಯ ಬೋರ್ ನೀರು ನಮಗೇನು ಹೊಸದಾ? ಕಲ್ಲಿನಲ್ಲೇ ಫ್ಲೋರೈಡ್ ಇದೆ, ನೀರಿನಲ್ಲಿ ಜಾಸ್ತಿಯಾದರೆ ಮಕ್ಕಳ ಹಲ್ಲಿಗೆ ಕರೆ ಹಿಡಿಸುವ ಲವಣ ಅದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ಅತ್ತೆ ಚಿಕ್ಕವಳಿದ್ದಾಗ ಅಳೆದವರು ಯಾರು? ಬಣ್ಣವಿಲ್ಲ, ವಾಸನೆಯಿಲ್ಲ, ಗಾಜಿನಂಥ ನೀರು. ಅವಳ ಮದುವೆ ಆಲ್ಬಮ್ ತೆಗೆದು ನೋಡಿ. ಒಂದು ಫೋಟೋದಲ್ಲೂ ತುಟಿ ಬಿಚ್ಚಿಲ್ಲ. ಈಗಲೂ ಮೊದಲು ಸೆರಗು ಬಾಯಿಗೆ ಹೋಗುತ್ತದೆ, ಆಮೇಲೆ ನಗು. ನೋಡಲು ಬಂದವರು "ಹುಡುಗಿ ಹಲ್ಲು ಉಜ್ಜಲ್ವಾ?" ಅಂದಿದ್ದರಂತೆ. ಒಸಡಿನಲ್ಲಿ ರಕ್ತ ಬರುವ ತನಕ ಇದ್ದಿಲಿನಲ್ಲಿ ಉಜ್ಜುತ್ತಿದ್ದಳು ಅಂತ ಅಮ್ಮ ಹೇಳುತ್ತಾಳೆ. ಚಿಕ್ಕಂದಿನಲ್ಲಿ ಹಲ್ಲು ಒಳಗೇ ಬಲಿಯುವಾಗ ಕೂತ ಕರೆ ಅದು, ಉಜ್ಜಿದರೆ ಹೋಗುತ್ತದಾ?

ಅಮೆರಿಕದ ಫ್ಲಿಂಟ್ ಊರಿನ ಕಥೆ ಓದಿದ್ದೆ. 2014ರಲ್ಲಿ ದುಡ್ಡು ಉಳಿಸಲು ನದಿ ನೀರು ಬಿಟ್ಟರು, ಹಳೇ ಪೈಪುಗಳ ಸೀಸ ನೀರಿಗಿಳಿಯಿತು. ಜನ ಕಂದು ನೀರನ್ನು ಬಾಟಲಿಯಲ್ಲಿ ತಂದು ತೋರಿಸಿದರೂ ಅಧಿಕಾರಿಗಳು ಏನೂ ಆಗಿಲ್ಲ ಅಂದರು. 2015ರ ಅಕ್ಟೋಬರಿನಲ್ಲಿ ಮೊದಲಿನ ನೀರೇ ವಾಪಸ್ ಬಂತು. ಆದರೂ ನದಿ ನೀರು ಬಿಟ್ಟ ಸುಮಾರು 5 ವರ್ಷದ ಮೇಲೆ ವಿಚಾರಿಸಿದಾಗ, ದೊಡ್ಡವರಲ್ಲಿ ಐವರಿಗೊಬ್ಬರಲ್ಲಿ ಖಿನ್ನತೆಯ ಲಕ್ಷಣ, ನಾಲ್ವರಿಗೊಬ್ಬರಲ್ಲಿ ಆಘಾತ ಬಿಡದೆ ಕಾಡುವ ಕಾಯಿಲೆಯ ಲಕ್ಷಣ. ನಲ್ಲಿ ಸರಿಯಾಯಿತು, ಜನ ಆಗಲಿಲ್ಲ.

ನಮ್ಮಲ್ಲೂ ಹಾಗೇ ಅಲ್ವಾ? ಹೋದ ವರ್ಷ ಘಟಕದ ಯಂತ್ರ ಕೆಟ್ಟಾಗ ಯಾರೂ ಬಾಯಿ ಬಿಡಲಿಲ್ಲ. 5 ರೂಪಾಯಿ ಹಾಕಿದರೆ ಅದೇ ನಲ್ಲಿಯಲ್ಲಿ ಬೋರ್ ನೀರೇ ಕ್ಯಾನಿಗೆ ಬೀಳುತ್ತಿತ್ತು. ತಿಂಗಳಾದ ಮೇಲೆ ಗೊತ್ತಾಯಿತು. ಅವಳು ಹೇಗೆ ನಂಬಬೇಕು?

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯೇ ಆಗುತ್ತದೆ. ನಾನೇ ಹೇಳಿದೆ. "ಗೊತ್ತು ಕಣೋ, ಕುದಿಯೋದು ನೋಡಿದರೆ ಸಮಾಧಾನ" ಅಂದಳು.

ಘಟಕದವರ ಹತ್ತಿರ ಕೊನೆಯ ಪರೀಕ್ಷೆಯ ಚೀಟಿ ಕೇಳಿ ಚಿಕ್ಕಪ್ಪಾ. ಫಿಲ್ಟರ್ ಯಾವಾಗ ಬದಲಾಯಿಸಿದರು ಅಂತಲೂ ಕೇಳಿ. ಗ್ರೂಪಿಗೆ ಹಾಕಬೇಡಿ, ಅವಳ ಪಕ್ಕ ಕೂತು ಓದಿ ಹೇಳಿ. ನಾನು ಹೇಳಿದರೆ "ಬೆಂಗಳೂರಿನವನು, ಇವನಿಗೇನು ಗೊತ್ತು" ಅನ್ನುತ್ತಾಳೆ.