ತಾಯಿಯ ಉಪಶಮನ ಆರೈಕೆ: ಅನುಭವ ಕೇಳಿದ್ದಕ್ಕೆ ಬಂದ ಉತ್ತರಗಳು

ಕೇಳಿದವರು:

ನನ್ನ ತಾಯಿಗೆ 71 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ. ಎರಡನೆಯ ಬಗೆಯ ಕೀಮೋಥೆರಪಿಯೂ ಫಲ ಕೊಡದಿದ್ದ ಮೇಲೆ ತಜ್ಞ ವೈದ್ಯರು ನೋವು, ಸಂಕಟ ತಗ್ಗಿಸಿ ನೋಡಿಕೊಳ್ಳುವ ಉಪಶಮನ ಆರೈಕೆಯ ತಂಡವನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟಿದ್ದಾರೆ. ಹಾಗೆ ಮಾಡಿದರೆ ಅಮ್ಮನನ್ನು ನಾವೇ ಕೈಬಿಟ್ಟಂತೆ ಆಗುತ್ತದೆ, ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಶುರು ಮಾಡಿದರೆ ಬೇಗ ಹೋಗಿಬಿಡುತ್ತಾರೆ ಎಂಬುದು ಅಣ್ಣನ ಹಟ. ಅಮ್ಮನಿಗೆ ವಿಷಯವನ್ನು ಪೂರ್ತಿಯಾಗಿ ಹೇಳಿಲ್ಲ. ಊಟ ದಿನದಿನಕ್ಕೆ ಕಡಿಮೆಯಾಗುತ್ತಿದೆ, ರಾತ್ರಿ ನೋವಿನಿಂದ ನಿದ್ದೆ ಬರುವುದಿಲ್ಲ. ಈ ದಾರಿಯಲ್ಲಿ ನಡೆದು ಬಂದವರು ತಮಗೆ ಆದದ್ದನ್ನು ಹೇಳಿದರೆ ಉಪಕಾರವಾಗುತ್ತದೆ.

ತಂದೆಯನ್ನು ಮನೆಯಲ್ಲೇ ನೋಡಿಕೊಂಡ ಮಗಳ ಉತ್ತರ:

ನಿಮ್ಮ ಅಣ್ಣನವರು ಈಗ ಆಡುತ್ತಿರುವ ಮಾತನ್ನೇ ನಾಲ್ಕು ವರ್ಷಗಳ ಹಿಂದೆ ನಾನೂ ಆಡಿದ್ದೆ. ತಂದೆಯವರ ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಉಪಶಮನ ಆರೈಕೆ ಎಂಬ ಪದ ವೈದ್ಯರ ಬಾಯಿಂದ ಬಂದ ಕೂಡಲೇ ಅವರು ಕೈಚೆಲ್ಲಿದರೆಂದು ತಿಳಿದು, ಅವರು ಕೊಟ್ಟ ಚೀಟಿಯನ್ನು ಆರು ವಾರ ಕಡತದೊಳಗೇ ಇಟ್ಟಿದ್ದೆ. ಆ ಆರು ವಾರ ತಂದೆ ಹಾಸಿಗೆಯ ಅಂಚನ್ನು ಹಿಡಿದು ಕುಳಿತೇ ರಾತ್ರಿ ಕಳೆದರು. ಆ ನೋವಿನಲ್ಲಿ ರೋಗದ ಪಾಲು ಎಷ್ಟಿತ್ತೋ, ನನ್ನ ತಪ್ಪು ತಿಳಿವಳಿಕೆಯ ಪಾಲೂ ಅಷ್ಟೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಚಿಕಿತ್ಸೆಯೆಲ್ಲ ಮುಗಿದ ಮೇಲೆ ಉಳಿಯುವುದೇ ಉಪಶಮನ ಆರೈಕೆ ಎಂಬ ನಂಬಿಕೆ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಅದು ಕಾಯಿಲೆಯ ಮೊದಲ ಹಂತದಿಂದಲೇ, ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಗಳ ಜೊತೆಜೊತೆಗೇ ನಡೆಯಬಹುದಾದ ಆರೈಕೆ. ಸಾವನ್ನು ಹತ್ತಿರ ಕರೆಯುವುದಾಗಲಿ ದೂರ ತಳ್ಳುವುದಾಗಲಿ ಅದರ ಉದ್ದೇಶವಲ್ಲ. ನಿಮ್ಮ ಅಣ್ಣನವರಿಗೆ ಒಂದು ಅಧ್ಯಯನದ ವಿಷಯ ಹೇಳಿ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಅದು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆಯೂ ಸಿಕ್ಕಿತ್ತು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು, ಕೊನೆಯ ದಿನಗಳಲ್ಲಿ ಉಗ್ರ ಚಿಕಿತ್ಸೆ ಪಡೆದವರು ಕಡಿಮೆಯಿದ್ದರು, ಆದರೂ ಅವರು ಬದುಕಿದ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 11.6 ತಿಂಗಳಾಗಿತ್ತು, ಉಳಿದವರದು 8.9 ತಿಂಗಳು. ಆಯುಷ್ಯ ಹೆಚ್ಚುತ್ತದೆಂದು ಆಮೇಲಿನ ಎಲ್ಲ ಅಧ್ಯಯನಗಳೂ ಹೇಳಿಲ್ಲವಾದ್ದರಿಂದ ಆ ಆಸೆಯನ್ನು ನಾನು ಹುಟ್ಟಿಸುವುದಿಲ್ಲ. ಆಯುಷ್ಯ ಕುಗ್ಗುತ್ತದೆ ಎಂಬ ಭಯಕ್ಕೆ ಮಾತ್ರ ಅಲ್ಲಿ ಆಧಾರ ಸಿಗುವುದಿಲ್ಲ.

ಇನ್ನು ಮಾರ್ಫಿನ್ ವಿಷಯ. ನಾವು ಮಾಡಿದ ದೊಡ್ಡ ತಪ್ಪೆಂದರೆ, ತಂದೆ ನರಳಿದಾಗ ಮಾತ್ರ ಮಾತ್ರೆ ಕೊಟ್ಟದ್ದು. ಅಷ್ಟು ಹೊತ್ತಿಗೆ ನೋವು ತಲೆಗೇರಿರುತ್ತಿತ್ತು, ಮಾತ್ರೆ ಹಿಡಿಯಲು ಮತ್ತೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಮನೆಗೆ ಬಂದ ದಾದಿ ನನ್ನಿಂದ ಒಂದು ಸಾದಾ ನೋಟ್‌ಬುಕ್ ತರಿಸಿ, ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಹೊತ್ತುಗಳನ್ನು ಎಡಬದಿಗೆ ಬರೆದು, ನೋವಿನ ಮಟ್ಟವನ್ನು ಸೊನ್ನೆಯಿಂದ ಹತ್ತರವರೆಗೆ ತಂದೆಯಿಂದಲೇ ಕೇಳಿ ಬಲಬದಿಗೆ ಬರೆಯಲು ಹೇಳಿಕೊಟ್ಟರು. ತಂದೆಯವರ ಮುಖ ನೋಡಿ ನಾನೇ ಅಂದಾಜು ಮಾಡಬಾರದೆಂದು ಒತ್ತಿ ಹೇಳಿದರು. ನಡುವೆ ನೋವು ನುಗ್ಗಿ ಬಂದರೆ ಕೊಡಲು ಒಂದು ಹೆಚ್ಚುವರಿ ಪ್ರಮಾಣವಿತ್ತು. ಸಾಮಾನ್ಯವಾಗಿ ಅದು ಇಡೀ ದಿನದ ಪ್ರಮಾಣದ ಆರನೇ ಒಂದು ಭಾಗದಷ್ಟಿರುತ್ತದೆ. ಅದು ದಿನಕ್ಕೆ ಎಷ್ಟು ಸಲ ಬೇಕಾಯಿತು ಎಂಬ ಲೆಕ್ಕ ನೋಡಿಯೇ ವೈದ್ಯರು ಮುಂದಿನ ಪ್ರಮಾಣ ನಿರ್ಧರಿಸುತ್ತಿದ್ದರು. ಮೂರನೆಯ ದಿನದ ಪುಟದಲ್ಲಿ ಎಂಟು ಎಂಬ ಅಂಕಿ ಮೂರಕ್ಕೆ ಇಳಿದಿತ್ತು. ಆ ರಾತ್ರಿ ತಂದೆ ಮಲಗಿ ನಿದ್ದೆ ಮಾಡಿದರು. ಅವರಿಗೆ ಏನೋ ಆಯಿತೆಂದು ಗಾಬರಿಯಾಗಿ ಎರಡು ಸಲ ಎದ್ದು ಹೋಗಿ ಉಸಿರಾಟ ನೋಡಿದೆ. ಅಷ್ಟು ದಿನಗಳ ನಿದ್ದೆಯ ಬಾಕಿಯನ್ನು ಅವರು ತೀರಿಸಿಕೊಳ್ಳುತ್ತಿದ್ದರು, ಅಷ್ಟೇ.

ಸಣ್ಣ ಪ್ರಮಾಣದಿಂದ ಶುರು ಮಾಡಿ ನೋವಿಗೆ ತಕ್ಕಂತೆ ಏರಿಸುತ್ತ ಹೋದರೆ ಮಾರ್ಫಿನ್ ಉಸಿರು ನಿಲ್ಲಿಸುವುದಿಲ್ಲ. ಕಾಯಿಲೆ ಮುಂದುವರಿದು ಏದುಸಿರು ಬಿಡುವವರಿಗೆ ಉಸಿರಾಟದ ಸಂಕಟ ತಗ್ಗಿಸಲೆಂದೇ ಅದನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದುಂಟು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇದ್ದು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತವೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ, ಆದ್ದರಿಂದ ಮಾರ್ಫಿನ್ ಶುರುವಾಗುವ ದಿನವೇ ಅದಕ್ಕೂ ಔಷಧಿ ಶುರುವಾಗಬೇಕು. ನಮಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ತಂದೆ ಏಳು ದಿನ ಒದ್ದಾಡಿದರು. ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್‌ನ ಅಂಶಗಳು ದೇಹದಲ್ಲಿ ಉಳಿದುಕೊಳ್ಳುತ್ತವೆ, ಆಗ ಬೇರೆ ಔಷಧಿ ಬೇಕಾಗಬಹುದು, ಅದನ್ನೂ ಕೇಳಿ. ನುಂಗಲು ಆಗದವರಿಗೆ ಚರ್ಮಕ್ಕೆ ಅಂಟಿಸಿ ಮೂರು ದಿನಕ್ಕೊಮ್ಮೆ ಬದಲಿಸುವ, ಫೆಂಟನಿಲ್ ಎಂಬ ನೋವಿನ ಔಷಧಿಯ ಪಟ್ಟಿಯೂ ಇದೆ, ಆದರೆ ಅಂಟಿಸಿದ ಕೂಡಲೇ ಅದು ಕೆಲಸ ಮಾಡುವುದಿಲ್ಲ, ಅರ್ಧ ದಿನವಾದರೂ ಬೇಕು. ಅದರ ಮೇಲೆ ಬಿಸಿನೀರಿನ ಚೀಲವನ್ನು ಎಂದಿಗೂ ಇಡಬಾರದು.

ಔಷಧಿ ಮುಗಿಯುವ ಒಂದು ವಾರ ಮೊದಲೇ ಮುಂದಿನದಕ್ಕೆ ವ್ಯವಸ್ಥೆ ಮಾಡಿಕೊಳ್ಳಿ. ವಾರದ ಕೊನೆಗೆ ದಾಸ್ತಾನಿಲ್ಲ ಎಂಬ ಮಾತು ಕೇಳಿ ನಾನು ನಿಂತಲ್ಲೇ ಅತ್ತಿದ್ದೇನೆ. ಇದು ನನ್ನೊಬ್ಬಳ ಕಥೆಯಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2017ರಲ್ಲಿ ಲೆಕ್ಕ ಹಾಕಿದಂತೆ, ಮಾರ್ಫಿನ್‌ಗೆ ಸರಿಗಟ್ಟಿ ಹೇಳುವುದಾದರೆ ವರ್ಷಕ್ಕೆ 298.5 ಟನ್ ಓಪಿಯಾಯ್ಡ್ (ಮಾರ್ಫಿನ್ ಗುಂಪಿನ) ಔಷಧಿ ಜಗತ್ತಿನಲ್ಲಿ ಹಂಚಿಕೆಯಾಗುತ್ತಿದ್ದರೆ, ಅದರಲ್ಲಿ ಕಡು ಬಡ ದೇಶಗಳಿಗೆ ಮುಟ್ಟುತ್ತಿದ್ದುದು 0.1 ಟನ್ ಮಾತ್ರ. ಇಷ್ಟು ಹಳೆಯ, ಇಷ್ಟು ಅಗ್ಗದ ಔಷಧಿಯನ್ನು ದುರುಪಯೋಗದ ಭಯದಿಂದ ಬೀಗ ಹಾಕಿಟ್ಟು, ನಿಜವಾಗಿ ನರಳುತ್ತಿರುವವರ ಕೈಗೆ ಸಿಗದಂತೆ ಮಾಡಿರುವುದು ನನಗೆ ಇಂದಿಗೂ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಮನೆಮನೆಗೆ ಹೋಗಿ ಆರೈಕೆ ಮಾಡುವ ದಾದಿಯೊಬ್ಬರ ಉತ್ತರ:

ಮೇಲಿನವರು ಔಷಧಿಯ ಬಗ್ಗೆ ಹೇಳಿದ್ದು ಸರಿಯಾಗಿದೆ, ಆದರೆ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಲಿ. ನಾನು ಊಟದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾನು ಹೋದ ಮನೆಗಳಲ್ಲಿ ನೋವಿಗಿಂತ ಹೆಚ್ಚಿನ ಕಣ್ಣೀರು ತಟ್ಟೆಯ ಮುಂದೆ ಹರಿದಿದೆ.

ತಿನ್ನದೆ ಇರುವುದರಿಂದ ಅವರು ಸಾಯುತ್ತಿದ್ದಾರೆ ಎಂದು ಮನೆಯವರು ತಿಳಿಯುತ್ತಾರೆ. ಬಹುಮಟ್ಟಿಗೆ ಅದು ತಿರುಗುಮುರುಗಾದ ತಿಳಿವಳಿಕೆ. ದೇಹ ಕೊನೆಯ ಹಾದಿ ಹಿಡಿದಿರುವುದರಿಂದ ಹಸಿವು ಹೋಗಿರುತ್ತದೆ. ಮುಂದುವರಿದ ಕ್ಯಾನ್ಸರ್ ದೇಹದ ಚಯಾಪಚಯವನ್ನೇ ಬದಲಿಸಿ ಸ್ನಾಯುಗಳನ್ನು ಕರಗಿಸುತ್ತದೆ, ಒತ್ತಾಯದ ತುತ್ತಿನಿಂದ ಆ ತೂಕ ಮರಳುವುದಿಲ್ಲ. ಅಮ್ಮ ಕೇಳಿದಾಗ, ಕೇಳಿದಷ್ಟು, ಚಿಕ್ಕ ಬಟ್ಟಲಿನಲ್ಲಿ ಕೊಡಿ. ಎರಡು ಚಮಚ ಸಾಕೆಂದರೆ ಸಾಕು. ಇಷ್ಟಕ್ಕೂ ಮೊದಲು, ಹಸಿವಿಲ್ಲದಿರುವುದಕ್ಕೆ ಬಾಯಿಹುಣ್ಣು, ಬಾಯಿಯ ಶಿಲೀಂಧ್ರ ಸೋಂಕು, ಮಲಬದ್ಧತೆ, ವಾಕರಿಕೆ ಇವೇನಾದರೂ ಕಾರಣವೇ ಎಂದು ಪರೀಕ್ಷೆ ಮಾಡಿಸಿ, ಏಕೆಂದರೆ ಇವೆಲ್ಲವನ್ನೂ ಗುಣಪಡಿಸಬಹುದು.

ಕೊನೆಯ ದಿನಗಳಲ್ಲಿ ಡ್ರಿಪ್ ಹಾಕಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೃದಯ, ಮೂತ್ರಪಿಂಡಗಳು ನಿಧಾನವಾದ ದೇಹಕ್ಕೆ ಹೆಚ್ಚು ದ್ರವ ಹೋದರೆ ಅದು ಕಾಲಿನ ಬಾವಾಗಿ, ಎದೆಯ ಕಫವಾಗಿ ನಿಲ್ಲಬಹುದು. ಬಾಯಿ ಒಣಗಿದ ಸಂಕಟವನ್ನು ಡ್ರಿಪ್‌ಗಿಂತ ಒದ್ದೆ ಮಾಡಿದ ಮೆತ್ತನೆಯ ಹತ್ತಿ ಚೆನ್ನಾಗಿ ತಣಿಸುತ್ತದೆ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮೊದಲು ತುಟಿಯ ಒಳಭಾಗ, ಆಮೇಲೆ ಒಸಡು, ಕೊನೆಗೆ ನಾಲಿಗೆಯ ಮೇಲೆ ಮೆಲ್ಲಗೆ ಸವರಿ, ತುಟಿಗೆ ಮುಲಾಮು ಹಚ್ಚಿ. ಗಂಟೆಗೊಮ್ಮೆ ಮಾಡಿದರೂ ತಪ್ಪಿಲ್ಲ. ಇನ್ನು ಉಣಿಸಲಾಗದು ಎಂದು ನೊಂದುಕೊಂಡ ಮಗಳ ಕೈಗೆ ಈ ಹತ್ತಿಯನ್ನು ಕೊಟ್ಟಾಗ ಅವಳ ಭುಜಗಳು ಸಡಿಲವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮುಂದೆ ಬರಬಹುದಾದದ್ದನ್ನೂ ಹೇಳಿಬಿಡುತ್ತೇನೆ, ತಿಳಿದಿದ್ದರೆ ಭಯ ಕಡಿಮೆ. ನಿದ್ದೆ ಹೆಚ್ಚಾಗುತ್ತದೆ. ಕೈಕಾಲು ತಣ್ಣಗಾಗಿ ಮೊಣಕಾಲಿನ ಬಳಿ ಚರ್ಮ ನೀಲಿ ಛಾಯೆಗೆ ತಿರುಗಬಹುದು. ಉಸಿರು ಆಳವಾಗುತ್ತ ಹೋಗಿ, ಕಿರಿದಾಗಿ, ಕೆಲವು ಕ್ಷಣ ನಿಂತು, ಮತ್ತೆ ಶುರುವಾಗಬಹುದು. ಗಂಟಲಿನಲ್ಲಿ ಗೊರಗೊರ ಸದ್ದು ಬರಬಹುದು. ನುಂಗುವ ಶಕ್ತಿ ಹೋಗಿರುವುದರಿಂದ ನಿಂತ ಜೊಲ್ಲು ಅದು, ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುವುದಿಲ್ಲ. ಮಗ್ಗುಲು ಬದಲಿಸಿದರೆ ಎಷ್ಟೋ ಸಲ ನಿಲ್ಲುತ್ತದೆ. ಕೆಲವರಿಗೆ ಗೊಂದಲ, ಚಡಪಡಿಕೆ ಬಂದು ಬಟ್ಟೆ ಕಿತ್ತೆಳೆಯುತ್ತಾರೆ, ಯಾರನ್ನೋ ಕರೆಯುತ್ತಾರೆ. ಮೊದಲು ಮೂತ್ರ ಕಟ್ಟಿದೆಯೇ ನೋಡಿ. ಇದಕ್ಕೆಲ್ಲ ಬೇಕಾಗುವ ಔಷಧಿಗಳು ನಾಲ್ಕೈದೇ, ಅವನ್ನು ಮುಂಚಿತವಾಗಿ ಬರೆಸಿ ಮನೆಯಲ್ಲಿ ಇಟ್ಟುಕೊಳ್ಳಿ, ರಾತ್ರಿ ಎರಡು ಗಂಟೆಗೆ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆಯನ್ನು ತಂಡದಿಂದ ಪಡೆದು ಗೋಡೆಗೆ ಅಂಟಿಸಿ.

ಇನ್ನೊಂದು ಮಾತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಕೊನೆಯ ದಿನಗಳ ರೋಗಿಗಳ ಆರೈಕೆಯ ಮನೆಯನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು ದಾದಿಯಾಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾಗಿ ದುಡಿದವರು. ದೇಹ, ಮನಸ್ಸು, ಕುಟುಂಬ, ನಂಬಿಕೆ ಎಲ್ಲ ಸೇರಿದ ಸಮಗ್ರ ನೋವು ಎಂಬ ಕಲ್ಪನೆಯನ್ನು ಕೊಟ್ಟವರು ಅವರೇ. ಮಾತ್ರೆಯ ಪ್ರಮಾಣ ಎಷ್ಟು ಏರಿಸಿದರೂ ಇಳಿಯದ ನೋವಿನ ಹಿಂದೆ ಮುಗಿಯದ ಜಗಳವೋ ಹೇಳದೆ ಉಳಿದ ಮಾತೋ ಇರುವುದನ್ನು ನಾನೇ ಕಂಡಿದ್ದೇನೆ.

ತಾಯಿಯನ್ನು ತೀವ್ರ ನಿಗಾ ಘಟಕದಲ್ಲಿ ಕಳೆದುಕೊಂಡ ಮಗನ ಉತ್ತರ:

ನಾನು ನಿಮ್ಮ ಅಣ್ಣನ ಜಾಗದಲ್ಲಿ ನಿಂತವನು, ಆದ್ದರಿಂದ ಅವರಿಗಾಗಿಯೇ ಬರೆಯುತ್ತಿದ್ದೇನೆ. ನಮ್ಮ ತಾಯಿಗೆ ಹೃದಯ ವೈಫಲ್ಯವಿತ್ತು. ಉಪಶಮನ ಆರೈಕೆ ಕ್ಯಾನ್ಸರ್‌ನವರಿಗೆ ಮಾತ್ರ ಎಂದುಕೊಂಡಿದ್ದೆವು, ಯಾವ ವೈದ್ಯರೂ ಆ ಮಾತೆತ್ತಲಿಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಸೋತವರಿಗೂ, ಮರೆವಿನ ಕಾಯಿಲೆಯವರಿಗೂ ಅದು ಸಲ್ಲುತ್ತದೆ ಎಂದು ತಿಳಿದದ್ದು ಆಮೇಲೆ. ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಈ ಆರೈಕೆ ಬೇಕಾಗುತ್ತದೆ, ಸಿಗುವುದು ಶೇಕಡಾ 14ರಷ್ಟು ಜನರಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ ಶೇಕಡಾ 86ರಲ್ಲಿ ನಮ್ಮ ತಾಯಿಯೂ ಒಬ್ಬರು.

ಆ ರಾತ್ರಿ ಉಸಿರು ಕಟ್ಟಿದಾಗ, ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರ್‌ಗೆ ಜೋಡಿಸಬೇಕೇ ಎಂದು ಕಾರಿಡಾರಿನಲ್ಲಿ ನಿಂತ ಕಿರಿಯ ವೈದ್ಯರೊಬ್ಬರು ಕೇಳಿದರು. ಯೋಚಿಸಲು ಎರಡು ನಿಮಿಷವೂ ಇರಲಿಲ್ಲ. ಎಲ್ಲವನ್ನೂ ಮಾಡಿ ಎಂದೆ. ಹನ್ನೊಂದು ದಿನ ತಾಯಿ ಮಾತಾಡಲಾಗದೆ ಮಲಗಿದ್ದರು. ಕೊಳವೆ ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದರು. ನನ್ನನ್ನು ಕಂಡಾಗಲೆಲ್ಲ ಬೆರಳುಗಳನ್ನಷ್ಟೇ ಆಡಿಸುತ್ತಿದ್ದರು. ಬಿಚ್ಚು ಎಂದರೋ, ಹತ್ತಿರ ಬಾ ಎಂದರೋ, ನನಗೆ ಗೊತ್ತಿಲ್ಲ. ವೆಂಟಿಲೇಟರನ್ನು ನಾನು ದೂರುತ್ತಿಲ್ಲ. ಗುಣವಾಗಬಲ್ಲ ಕಾಯಿಲೆಯಲ್ಲಿ ಅದು ಜೀವ ಉಳಿಸುತ್ತದೆ. ಆದರೆ ನಿನಗೆ ಏನು ಬೇಕಮ್ಮ ಎಂದು ಅವರನ್ನು ಒಂದು ಸಲವೂ ಕೇಳದೆ ಅವರ ಪರವಾಗಿ ನಾನು ಉತ್ತರ ಕೊಟ್ಟೆ.

ಆದ್ದರಿಂದ ಈಗಲೇ, ಅಮ್ಮ ಮಾತಾಡಬಲ್ಲವರಾಗಿರುವಾಗಲೇ ಕೇಳಿ. ಎದೆಬಡಿತ ನಿಂತರೆ ಎದೆ ಒತ್ತಿ ಮರಳಿಸಲು ಯತ್ನಿಸಬೇಕೇ, ಎಲ್ಲಿ ಇರಲು ಬಯಸುತ್ತಾರೆ, ತಾವು ಮಾತಾಡಲಾಗದಾಗ ಯಾರ ಮಾತು ನಡೆಯಬೇಕು ಎಂಬುದನ್ನು ಕೇಳಿ ಬರೆದಿಡಿ, ಚಿಕಿತ್ಸೆ ನೀಡುವ ವೈದ್ಯರಿಗೂ ಒಂದು ಪ್ರತಿ ಕೊಡಿ. ಅಣ್ಣನೂ ಅಲ್ಲೇ ಕೂತು ಕೇಳಿಸಿಕೊಳ್ಳಲಿ. ಅಮ್ಮನ ಬಾಯಿಂದಲೇ ಕೇಳಿದ ಮೇಲೆ ಅವರು ನಿಮ್ಮೊಡನೆ ಜಗಳವಾಡಬೇಕಾದ ಪ್ರಸಂಗ ಇರುವುದಿಲ್ಲ.

ಪತ್ನಿಯನ್ನು ನೋಡಿಕೊಳ್ಳುತ್ತಿರುವವರ ಉತ್ತರ:

ನನ್ನದು ಒಂದೇ ಸಲಹೆ. ಪಾಳಿ ಹಾಕಿಕೊಳ್ಳಿ. ಇಡೀ ಭಾರವನ್ನು ನೀವೊಬ್ಬರೇ ಹೊತ್ತರೆ ಮೂರನೆಯ ತಿಂಗಳಿಗೆ ನೀವೇ ಮಲಗುತ್ತೀರಿ, ನಾನು ಮಲಗಿದ್ದೆ. ಆರೈಕೆ ಮಾಡುವವರ ನಿದ್ದೆ, ಬೆನ್ನುನೋವು, ಅಳು ಇವನ್ನು ವಿಚಾರಿಸುವುದೂ ಉಪಶಮನ ತಂಡದ ಕೆಲಸವೇ, ಆಮೇಲಿನ ದುಃಖದ ದಿನಗಳಲ್ಲೂ ಅವರು ಜೊತೆಗಿರುತ್ತಾರೆ. ಕೇಳಲು ಸಂಕೋಚಪಡಬೇಡಿ.

ಕೇಳಿದವರು, ಒಂಬತ್ತು ದಿನಗಳ ನಂತರ:

ಎಲ್ಲರಿಗೂ ನಾನು ಋಣಿ. ಮೂರನೆಯ ಉತ್ತರವನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ, ಆದರೆ ಮರುದಿನ ತಂಡವನ್ನು ಕಾಣಲು ಅವನೇ ಗಾಡಿ ತೆಗೆದ. ಅಲ್ಲಿನ ವೈದ್ಯೆ ನಮ್ಮನ್ನು ಹೊರಗೆ ಕಳುಹಿಸದೆ, ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನು ಗೊತ್ತಿದೆ, ಇನ್ನೂ ಎಷ್ಟು ತಿಳಿಯಬೇಕು ಎನಿಸುತ್ತದೆ ಎಂದು ಅಮ್ಮನನ್ನೇ ಕೇಳಿದರು. ಇದು ಹೋಗುವ ಕಾಯಿಲೆಯಲ್ಲ ಎಂದು ನನಗೆ ತಿಳಿದು ಎರಡು ತಿಂಗಳಾಯಿತು, ಮಕ್ಕಳು ತಡೆದುಕೊಳ್ಳಲಾರರೆಂದು ಸುಮ್ಮನಿದ್ದೆ ಎಂದರು ಅಮ್ಮ. ಮನೆಯಲ್ಲೇ ಇರಬೇಕು, ಕಿಟಕಿಯ ಪಕ್ಕಕ್ಕೆ ಮಂಚ ಹಾಕಿ ಎಂದಿದ್ದಾರೆ. ಮಾರ್ಫಿನ್ ಶುರುವಾಗಿ ಐದು ದಿನಗಳಾದವು, ಮಲಬದ್ಧತೆಯ ಔಷಧಿಯನ್ನೂ ಮೊದಲ ದಿನವೇ ಕೇಳಿ ಪಡೆದೆ. ನೋಟ್‌ಬುಕ್‌ನಲ್ಲಿ ರಾತ್ರಿಯ ಅಂಕಿಗಳನ್ನು ಅಣ್ಣನೇ ಬರೆಯುತ್ತಿದ್ದಾನೆ; ನಿನ್ನೆಯದು ಎರಡು.