ಅಮ್ಮನ ಕಣ್ಣಿಗೆ ಯಾವ ಲೆನ್ಸ್? ಹಾಕಿಸಿಕೊಂಡವರು ಹೇಳಿ

ಗೌರಿಬಿದನೂರಿನಿಂದ: ಅಮ್ಮನಿಗೆ 64. ಎರಡೂ ಕಣ್ಣಲ್ಲಿ ಪೊರೆ, ಆಪರೇಷನ್ ಮಾಡಿ ಒಳಗೆ ಲೆನ್ಸ್ ಹಾಕಬೇಕು. ಶುಗರ್ ಇದೆ. ಮೊನೊಫೋಕಲ್ (ಒಂದೇ ದೂರಕ್ಕೆ), ಟೋರಿಕ್ (ಕಣ್ಣಿನ ಮುಂಭಾಗ ಓರೆಯಾಗಿ ಬಾಗಿದ್ದರೆ ಅದನ್ನು ಸರಿಮಾಡುವುದು), ಟ್ರೈಫೋಕಲ್ (ದೂರ, ಮಧ್ಯ, ಹತ್ತಿರ ಮೂರಕ್ಕೂ) ಮೂರರ ರೇಟ್ ಕೊಟ್ಟು ಸೋಮವಾರದೊಳಗೆ ತಿಳಿಸಿ ಅಂತ ಆಸ್ಪತ್ರೆಯವರು ಅಂದಿದ್ದಾರೆ. ನಿಮಗೆ ಹೇಗೆ ಕಾಣಿಸುತ್ತಿದೆ?

ಕೋಲಾರ, ಟೊಮೆಟೊ ವ್ಯಾಪಾರಿ: ಟ್ರೈಫೋಕಲ್ ಬೇಡವೇ ಬೇಡ. ನನಗೆ ಒಂದು ಕಣ್ಣಿಗೆ 82,000. ಟೆಸ್ಟ್ 3,400, ಡ್ರಾಪ್ಸ್ 2,150 ಬೇರೆ. ಇನ್ಶೂರೆನ್ಸ್‌ನವರು ಕೊಟ್ಟಿದ್ದು 24,000. ಹಗಲಲ್ಲಿ ಕನ್ನಡಕ ಇಲ್ಲದೆ ಪೇಪರ್ ಓದುತ್ತೇನೆ, ಸುಳ್ಳು ಹೇಳಲ್ಲ. ಆದರೆ ನನ್ನ ಓಡಾಟ ರಾತ್ರಿ. ಮುಳಬಾಗಿಲು ದಾಟಿದರೆ ಎದುರು ಬರುವ ಪ್ರತಿ ಲಾರಿಯ ಲೈಟಿನ ಸುತ್ತಲೂ ಬೆಳಕಿನ ಬಳೆ ಬಳೆ. ಆ ಲೆನ್ಸ್ ಬೆಳಕನ್ನು ದೂರಕ್ಕೆ, ಮಧ್ಯಕ್ಕೆ, ಹತ್ತಿರಕ್ಕೆ ಅಂತ ಹಂಚುತ್ತದೆ, ಅದಕ್ಕೇ ಹೀಗೆ. ಇದನ್ನು ಹೇಳಿದ್ದು ಆಪರೇಷನ್ ಆದ ಮೇಲೆ! ಅಭ್ಯಾಸ ಆಗುತ್ತೆ ಅಂದರು. 14 ತಿಂಗಳಾಯಿತು. ಈಗ ಡ್ರೈವರ್ ಇಟ್ಟಿದ್ದೇನೆ, ಟ್ರಿಪ್ಪಿಗೆ 1,200.

ತುಮಕೂರು, ನಿವೃತ್ತ ಟೀಚರ್: ಸುಮ್ನೆ ಹೆದರಿಸಬೇಡಿ ಸರ್. ನನಗೆ ಎರಡೂ ಕಣ್ಣಿಗೆ ಟ್ರೈಫೋಕಲ್. ಬಳೆ ನನಗೂ ಕಂಡಿತು, ಐದಾರು ತಿಂಗಳಲ್ಲಿ ಮರೆತೇ ಹೋಯಿತು. 40 ವರ್ಷ ಸೋಡಾ ಗ್ಲಾಸು ಹೊತ್ತ ಮೂಗು ಇದು. ಈಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತೇನೆ, ಬಸ್ ಬೋರ್ಡೂ ಓದುತ್ತೇನೆ. ಮಂದ ಬೆಳಕಲ್ಲಿ ಸಣ್ಣ ಅಕ್ಷರಕ್ಕೆ ಒಂದು ಲೈಟ್ ಜಾಸ್ತಿ ಬೇಕು, ಅಷ್ಟೇ.

ಕೋಲಾರ: ನೀವು ರಾತ್ರಿ ಗಾಡಿ ಓಡಿಸುತ್ತೀರಾ ಮೇಡಂ? ಇಲ್ಲ ಅಲ್ವಾ. ಮತ್ತೆ ನನ್ನ ನೋವನ್ನು ಹೆದರಿಸುವುದು ಅನ್ನಬೇಡಿ.

ಶಿಡ್ಲಘಟ್ಟ, ರೇಷ್ಮೆ ರೀಲಿಂಗ್: ನಾನು ಮೊನೊಫೋಕಲ್ ಹಾಕಿಸಿಕೊಂಡೆ. ಕಣ್ಣಿಗೆ 19,500, ಎಲ್ಲಾ ಸೇರಿ. ಸಾಮಾನ್ಯವಾಗಿ ದೂರಕ್ಕೆ ಪವರ್ ಇಡುತ್ತಾರೆ. ನಾನು ಕೇಳಿಕೊಂಡು ಹತ್ತಿರಕ್ಕೆ ಇಡಿಸಿದೆ. ಗೂಡಿನ ಎಳೆ ಕಾಣದಿದ್ದರೆ ನನ್ನ ಹೊಟ್ಟೆ ತುಂಬಲ್ಲ. ಬೆಳಕು ಹಂಚಿಹೋಗುವುದಿಲ್ಲ, ಎಳೆ ಕಡ್ಡಿ ಹಾಗೆ ಕಾಣುತ್ತದೆ. ದೂರಕ್ಕೆ ಕನ್ನಡಕ ಇದೆ. ಲಕ್ಷ ಸುರಿದವರು ಜಗಳ ಆಡುವುದು ನೋಡಿ ಸಂಕಟ ಆಗುತ್ತೆ.

ತಿಪಟೂರು: ನನ್ನದು ಟೋರಿಕ್. ಸಿಲಿಂಡರ್ ಪವರ್, ಅಂದರೆ ಆ ಓರೆಯ ಪವರ್, 2.5 ಇತ್ತು. 46,000 ಕೊಟ್ಟೆ. ವಾರದಲ್ಲಿ ಲೆನ್ಸ್ 12 ಡಿಗ್ರಿ ತಿರುಗಿತ್ತು. ಒಂದು ಡಿಗ್ರಿ ತಿರುಗಿದರೆ ಸಿಲಿಂಡರ್ ಸರಿಮಾಡುವ ಗುಣ ಸುಮಾರು ಶೇ 3ರಷ್ಟು ಹೋಗುತ್ತದೆ. 30 ಆದರೆ ಹಾಕಿಸಿದ್ದೇ ದಂಡ. ಮತ್ತೆ ಟೇಬಲ್ ಹತ್ತಿಸಿ ಸರಿ ಮಾಡಿದರು. ಅದಕ್ಕೂ 8,000 ಬಿಲ್! ತಪ್ಪು ನನ್ನದಾ? ಈಗ ಚೆನ್ನಾಗಿದೆ, ಆದರೆ ಆ 8,000 ಮರೆಯಲ್ಲ.

ಮಾಲೂರು: ನನ್ನ ಲೆನ್ಸ್ ಎರಡೇ ವರ್ಷಕ್ಕೆ ಮಂಜಾಯಿತು. ಕಳಪೆ ಮಾಲು ಹಾಕಿದ್ದಾರೆ.

ತಿಪಟೂರು: ಲೆನ್ಸ್ ಅಲ್ಲ ಅಣ್ಣ, ಅದರ ಹಿಂದಿನ ಪದರ ಮಂಜಾಗಿರಬಹುದು. ಯಾಗ್ ಲೇಸರಿನಲ್ಲಿ ಆ ಪದರಕ್ಕೆ ತೂತು ಮಾಡಿದರೆ ಸರಿಯಾಗುತ್ತೆ, ಐದು ನಿಮಿಷ.

ಕೋಲಾರ: ನಿಲ್ಲಿ! ಬಳೆ ಕಾಣುವವರು ಅವಸರದಲ್ಲಿ ಲೇಸರ್ ಮಾಡಿಸಬೇಡಿ. ಆ ಪದರಕ್ಕೆ ತೂತು ಬಿದ್ದರೆ ಆಮೇಲೆ ಲೆನ್ಸ್ ಬದಲಿಸುವುದು ಕಷ್ಟ. ನಾನು ಬದಲಿಸಲು ಕೇಳಿದಾಗಲೇ ಇದು ಗೊತ್ತಾಗಿದ್ದು.

ತುಮಕೂರು: ಅಂದರೆ ನಿಮಗೆ ಆಗಲೇ ಲೇಸರ್ ಆಗಿದೆಯಾ ಸರ್?

ಕೋಲಾರ: ಆಗಿದೆ.

ತುಮಕೂರು: ನನಗೆ ಗೊತ್ತಿರಲಿಲ್ಲ. ಕ್ಷಮಿಸಿ.

ಗೌರಿಬಿದನೂರು: ಅಮ್ಮನಿಗೆ ಶುಗರ್ ಇದೆ ಅಂತ ಬರೆದಿದ್ದೆ. ಅದಕ್ಕೆ ಯಾರಾದರೂ ಹೇಳಿ.

ಶಿಡ್ಲಘಟ್ಟ: ಮೊದಲು ಕಣ್ಣಿನ ಹಿಂದಿನ ನರದ ಪರದೆ ಸ್ಕ್ಯಾನ್ ಮಾಡಿಸಿ ತಮ್ಮಾ. ಶುಗರಿನಿಂದ ಅಲ್ಲಿ ನೀರು, ರಕ್ತ ಇದ್ದರೆ ಟ್ರೈಫೋಕಲ್ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಅಮ್ಮ ದಿನವಿಡೀ ಏನು ಕೆಲಸ ಮಾಡುತ್ತಾರೆ?

ಗೌರಿಬಿದನೂರು: ಹೂ ಕಟ್ಟುತ್ತಾರೆ.